ಶಿಕ್ಷಣದ ಹಕ್ಕು ಎಂಬ ಬಾಕಿ ಮತ್ತು ಅದರ ಗಡುವು

ಹಕ್ಕು ಎಂಬ ಮಾತನ್ನು ದಿನವೂ ಬಳಸುವ ನಾವು, ಆ ಹಕ್ಕಿನ ಇನ್ನೊಂದು ತುದಿಯಲ್ಲಿ ಯಾರು ನಿಂತಿದ್ದಾರೆ ಎಂದು ಕೇಳುವುದು ಅಪರೂಪ. ಒಬ್ಬರಿಗೆ ಹಕ್ಕಿದೆ ಎಂದರೆ ಮತ್ತೊಬ್ಬರ ಮೇಲೆ ಬಾಕಿಯಿದೆ ಎಂದೇ ಅರ್ಥ. ಯಾವುದೇ ಸಾಲಪತ್ರದಲ್ಲಿ ಕೊಡಬೇಕಾದವರು ಯಾರು, ಪಡೆಯಬೇಕಾದವರು ಯಾರು, ಎಷ್ಟು, ಯಾವ ದಿನಾಂಕದೊಳಗೆ ಎಂಬ ನಾಲ್ಕು ವಿವರಗಳಿರುತ್ತವೆ. ಅವುಗಳಲ್ಲಿ ಒಂದು ಬಿಟ್ಟುಹೋದರೂ ಆ ಪತ್ರ ನಿಲ್ಲುವುದು ಕಷ್ಟ. ಶಿಕ್ಷಣದ ಹಕ್ಕನ್ನೂ ಹೀಗೆಯೇ ಓದಬಹುದು. ಪಡೆಯಬೇಕಾದದ್ದು ಮಗು, ಕೊಡಬೇಕಾದದ್ದು ಸರ್ಕಾರ ಎಂಬಲ್ಲಿಯವರೆಗೆ ಹೆಚ್ಚಿನ ತಕರಾರಿಲ್ಲ. ಏನನ್ನು ಕೊಟ್ಟರೆ ಬಾಕಿ ತೀರಿದಂತಾಗುತ್ತದೆ, ಅದು ಯಾವಾಗ ತೀರಬೇಕು ಎಂಬ ಉಳಿದೆರಡು ಪ್ರಶ್ನೆಗಳ ಸುತ್ತಲೇ ಕಳೆದ ಮುಕ್ಕಾಲು ಶತಮಾನದ ಕಾನೂನುಗಳು, ತೀರ್ಪುಗಳು, ವಾದವಿವಾದಗಳು ಬೆಳೆದಿವೆ. ಶಿಕ್ಷಣಕ್ಕಿರುವ ಅಡೆತಡೆಗಳನ್ನು ಬಡತನ, ದೂರ, ಅಂಗವೈಕಲ್ಯ, ಭಾಷೆ ಎಂದು ಒಂದೊಂದಾಗಿ ಹೆಸರಿಸುವುದು ರೂಢಿ. ಆದರೆ ಅವುಗಳಲ್ಲಿ ಹಲವನ್ನು ಹತ್ತಿರದಿಂದ ನೋಡಿದರೆ, ತೊಡಕಿರುವುದು ಮಗುವಿನಲ್ಲಿ ಅಲ್ಲವೆಂದೂ ತನ್ನ ಬಾಗಿಲಿಗೆ ಬರುವ ಮಗು ಹೇಗಿರುತ್ತದೆಂದು ಶಾಲೆ ಮೊದಲೇ ಮಾಡಿಕೊಂಡ ಊಹೆಯಲ್ಲಿ ಎಂದೂ ತಿಳಿಯುತ್ತದೆ.

ಬರಹದಲ್ಲಿರುವ ಹಕ್ಕು

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿ, ಪ್ರತಿಯೊಬ್ಬರಿಗೂ ಶಿಕ್ಷಣದ ಹಕ್ಕಿದೆ ಎಂದು ಆರಂಭವಾಗುತ್ತದೆ. ಕನಿಷ್ಠ ಪ್ರಾಥಮಿಕ ಹಂತದ ಶಿಕ್ಷಣ ಉಚಿತವಾಗಿರಬೇಕು, ಕಡ್ಡಾಯವಾಗಿರಬೇಕು; ಉನ್ನತ ಶಿಕ್ಷಣ ಅರ್ಹತೆಯ ಆಧಾರದ ಮೇಲೆ ಎಲ್ಲರಿಗೂ ಸಮಾನವಾಗಿ ತೆರೆದಿರಬೇಕು; ಶಿಕ್ಷಣದ ಗುರಿ ವ್ಯಕ್ತಿತ್ವದ ಪೂರ್ಣ ವಿಕಾಸವಾಗಿರಬೇಕು; ತಮ್ಮ ಮಕ್ಕಳಿಗೆ ಯಾವ ಬಗೆಯ ಶಿಕ್ಷಣ ಬೇಕೆಂದು ಆರಿಸುವ ಆದ್ಯ ಹಕ್ಕು ತಂದೆತಾಯಿಗಳದ್ದು. ಇಷ್ಟನ್ನೂ ಆ ವಿಧಿ ಕೆಲವೇ ಸಾಲುಗಳಲ್ಲಿ ಹೇಳುತ್ತದೆ. ಆದರೆ ಘೋಷಣೆ ಒಪ್ಪಂದವಲ್ಲ. ಅದನ್ನು ಒಪ್ಪಂದದ ರೂಪಕ್ಕೆ ತಂದದ್ದು 1966ರಲ್ಲಿ ಅಂಗೀಕಾರವಾಗಿ 1976ರಲ್ಲಿ ಜಾರಿಗೆ ಬಂದ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ. ಅದರ 13ನೇ ವಿಧಿ ಪ್ರಾಥಮಿಕ ಶಿಕ್ಷಣವನ್ನು ಎಲ್ಲರಿಗೂ ಕಡ್ಡಾಯ ಮತ್ತು ಉಚಿತ ಎನ್ನುತ್ತದೆ. ಪ್ರೌಢ ಮತ್ತು ಉನ್ನತ ಶಿಕ್ಷಣವನ್ನು ಹಂತಹಂತವಾಗಿ ಉಚಿತಗೊಳಿಸಬೇಕು ಎನ್ನುತ್ತದೆ. ಮುಂದೆ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28 ಮತ್ತು 29ನೇ ವಿಧಿಗಳು ಇದೇ ಮಾತನ್ನು ಮಗುವಿನ ಕಡೆಯಿಂದ ಹೇಳಿದವು. ಅಮೆರಿಕವೊಂದನ್ನು ಬಿಟ್ಟು ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಅದಕ್ಕೆ ಬದ್ಧವಾಗಿವೆ.

ಇಲ್ಲಿ ‘ಕಡ್ಡಾಯ’ ಎಂಬ ಪದವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅದು ಮಗುವಿನ ಮೇಲಿನ ಒತ್ತಾಯವೆಂದು ಅನೇಕರು ತಿಳಿಯುತ್ತಾರೆ, ಹಕ್ಕು ಮತ್ತು ಕಡ್ಡಾಯ ಒಂದೇ ವಾಕ್ಯದಲ್ಲಿ ಹೇಗೆ ಹೊಂದುತ್ತವೆ ಎಂದೂ ಕೇಳುತ್ತಾರೆ. ಒಡಂಬಡಿಕೆಯ ಪಾಲನೆಯನ್ನು ಪರಿಶೀಲಿಸುವ ಸಮಿತಿ 1999ರಲ್ಲಿ ಕೊಟ್ಟ ವಿವರಣೆಯಂತೆ, ಮಗು ಪ್ರಾಥಮಿಕ ಶಾಲೆಗೆ ಹೋಗಬೇಕೋ ಬೇಡವೋ ಎಂಬುದನ್ನು ತನ್ನ ಇಷ್ಟದ ಸಂಗತಿ ಎಂದುಕೊಳ್ಳುವ ಅಧಿಕಾರ ತಂದೆತಾಯಿಗಳಿಗೂ ಇಲ್ಲ, ಪೋಷಕರಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಅಂದರೆ ಈ ಪದ ಕಟ್ಟಿಹಾಕುವುದು ಮಗುವಿನ ಸುತ್ತ ಇರುವ ದೊಡ್ಡವರನ್ನು.

ಇನ್ನು ಗಡುವಿನ ಮಾತು. ಸರ್ಕಾರಗಳು ತಮ್ಮ ಸಂಪನ್ಮೂಲಗಳ ಮಿತಿಯೊಳಗೆ ಹಕ್ಕುಗಳನ್ನು ಕ್ರಮೇಣ ಈಡೇರಿಸಬಹುದು ಎಂಬ ರಿಯಾಯಿತಿ 1966ರ ಒಡಂಬಡಿಕೆಯಲ್ಲಿದೆ. ಈ ‘ಕ್ರಮೇಣ’ ಎಂಬುದರ ಮರೆಯಲ್ಲಿ ಅಡಗಿದ ಸರ್ಕಾರಗಳ ಸಂಖ್ಯೆ ಸಣ್ಣದಲ್ಲ. ಆದರೆ ಪ್ರಾಥಮಿಕ ಶಿಕ್ಷಣಕ್ಕೆ ಅದೇ ಒಡಂಬಡಿಕೆಯ 14ನೇ ವಿಧಿ ಬೇರೆ ಅಳತೆ ಇಟ್ಟಿದೆ. ಸಹಿ ಹಾಕಿ ಸೇರುವಾಗ ಉಚಿತ ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣ ಇನ್ನೂ ಜಾರಿಯಲ್ಲಿರದ ದೇಶ, ಎರಡು ವರ್ಷಗಳೊಳಗೆ ಅದಕ್ಕೊಂದು ವಿವರವಾದ ಯೋಜನೆ ಸಿದ್ಧಪಡಿಸಬೇಕು, ಎಷ್ಟು ವರ್ಷಗಳಲ್ಲಿ ಮುಗಿಸುತ್ತೇವೆ ಎಂಬುದನ್ನು ಆ ಯೋಜನೆಯಲ್ಲೇ ನಮೂದಿಸಬೇಕು. ತಾರತಮ್ಯ ಮಾಡಬಾರದೆಂಬ ಕರ್ತವ್ಯಕ್ಕಂತೂ ಯಾವ ಕಂತೂ ಇಲ್ಲ, ಅದು ಮೊದಲ ದಿನದಿಂದಲೇ ಅನ್ವಯಿಸುತ್ತದೆ. ಕೆಲವು ದೇಶಗಳ ಸಂವಿಧಾನಗಳು ಇನ್ನೂ ಮುಂದೆ ಹೋಗಿವೆ. ದಕ್ಷಿಣ ಆಫ್ರಿಕಾದ ಸಂವಿಧಾನದಲ್ಲಿ ವಸತಿ, ಆರೋಗ್ಯ ಸೇವೆಗಳ ಹಕ್ಕಿಗೆ ಲಭ್ಯ ಸಂಪನ್ಮೂಲ, ಕ್ರಮೇಣ ಸಾಧನೆ ಎಂಬ ಷರತ್ತುಗಳಿದ್ದರೂ ಮೂಲ ಶಿಕ್ಷಣದ ಹಕ್ಕಿಗೆ ಅವು ಇಲ್ಲ. ಆದ್ದರಿಂದ ಅದು ಕೂಡಲೇ ಈಡೇರಬೇಕಾದ ಹಕ್ಕು ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2011ರಲ್ಲಿ ಹೇಳಿತು. ಭಾರತದಲ್ಲಿ ಈ ಹಕ್ಕು ಬಂದ ದಾರಿ ಬೇರೆ: ಸುಪ್ರೀಂ ಕೋರ್ಟ್ 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ 14 ವರ್ಷದವರೆಗಿನ ಶಿಕ್ಷಣವನ್ನು ಜೀವಿಸುವ ಹಕ್ಕಿನೊಳಗೆ ಓದಿತು, 2002ರ 86ನೇ ತಿದ್ದುಪಡಿ ಅದನ್ನು 6ರಿಂದ 14 ವರ್ಷದ ಮಕ್ಕಳ ಮಟ್ಟಿಗೆ ಸಂವಿಧಾನದ 21ಎ ವಿಧಿಯಾಗಿ ಬರೆಯಿತು, 2009ರ ಶಿಕ್ಷಣದ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇದಕ್ಕೆ ತದ್ವಿರುದ್ಧವಾಗಿ, ತನ್ನ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ತೀರ್ಮಾನಿಸಿತ್ತು. ಹಾಗಿದ್ದೂ ಅದೇ ನ್ಯಾಯಾಲಯ ಮುಂದೆ ಮಕ್ಕಳ ಪರವಾಗಿ ಕೊಟ್ಟ ಎರಡು ತೀರ್ಪುಗಳು ಈ ಲೇಖನದಲ್ಲಿ ಬರುತ್ತವೆ; ಹಕ್ಕಿನ ಹೆಸರು ಇಲ್ಲದಿದ್ದಾಗಲೂ ಸಮಾನತೆಯ ಬಾಗಿಲಿನಿಂದ ಒಳಬರಬಹುದು ಎಂಬುದಕ್ಕೆ ಅವು ಸಾಕ್ಷಿ.

‘ಉಚಿತ’ ಎಂದರೆ ಎಷ್ಟು?

ಶುಲ್ಕ ಎಲ್ಲರ ಕಣ್ಣಿಗೂ ಬೀಳುವ ತಡೆ, ಆದ್ದರಿಂದ ಅದನ್ನು ತೆಗೆಯುವ ಕೆಲಸವೂ ಮೊದಲು ನಡೆಯಿತು. ಮಲಾವಿ ದೇಶ 1994ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ರದ್ದುಪಡಿಸಿದಾಗ ಸುಮಾರು 19 ಲಕ್ಷವಿದ್ದ ದಾಖಲಾತಿ ಒಂದೇ ವರ್ಷದಲ್ಲಿ 30 ಲಕ್ಷದ ಹತ್ತಿರಕ್ಕೆ ಹೋಯಿತು. ಕೆನ್ಯಾ 2003ರ ಜನವರಿಯಲ್ಲಿ ಅದೇ ಹೆಜ್ಜೆ ಇಟ್ಟಿತು. ಅಲ್ಲಿ ಸುಮಾರು 59 ಲಕ್ಷವಿದ್ದ ಸಂಖ್ಯೆ 72 ಲಕ್ಷಕ್ಕೆ ಏರಿತು. ಶುಲ್ಕ ತೆಗೆದ ಮರುದಿನವೇ ಲಕ್ಷಾಂತರ ಮಕ್ಕಳು ಬಾಗಿಲಿಗೆ ಬಂದರೆಂದರೆ, ಬಡವರಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂಬ ಹಳೆಯ ದೂರಿಗೆ ಬೇರೆ ಉತ್ತರ ಬೇಕಾಗಿಲ್ಲ. ಕೆನ್ಯಾದಲ್ಲಿ ಮಕ್ಕಳಷ್ಟೇ ಬರಲಿಲ್ಲ. ಕಿಮಾನಿ ಮರೂಗೆ ಎಂಬ 84ರ ಹಿರಿಯರು 2004ರಲ್ಲಿ ಒಂದನೇ ತರಗತಿಗೆ ಸೇರಿದರು. ಚಿಕ್ಕವರಿದ್ದಾಗ ಸಿಗದ ಅಕ್ಷರವನ್ನು ಅವರು ಸಮವಸ್ತ್ರ ತೊಟ್ಟು, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕುಳಿತು ಕಲಿತರು.

ಆದರೆ ಶುಲ್ಕವೆಂಬುದು ಖರ್ಚಿನ ಒಂದು ಸಾಲು ಮಾತ್ರ. ಶುಲ್ಕವಿಲ್ಲದ ಶಾಲೆಯಲ್ಲೂ ಸಮವಸ್ತ್ರ, ಪಾದರಕ್ಷೆ, ನೋಟ್‌ಪುಸ್ತಕ, ಪರೀಕ್ಷಾ ಶುಲ್ಕ, ಕಟ್ಟಡ ನಿಧಿ, ಓಡಾಟದ ಖರ್ಚು ಇದ್ದೇ ಇರುತ್ತವೆ. 1999ರ ಅದೇ ವಿವರಣೆಯಲ್ಲಿ ಸಮಿತಿ ಈ ಪರೋಕ್ಷ ಖರ್ಚುಗಳನ್ನು ಎತ್ತಿ ಹೇಳಿದೆ: ಸ್ವಯಂಪ್ರೇರಿತ ಎಂದು ಕರೆಯುತ್ತಲೇ ವಾಸ್ತವದಲ್ಲಿ ವಸೂಲು ಮಾಡುವ ವಂತಿಗೆ, ದುಬಾರಿ ಸಮವಸ್ತ್ರವನ್ನು ಧರಿಸಲೇಬೇಕೆಂಬ ನಿಯಮ ಇಂಥವು ಹಕ್ಕಿನ ಬುಡವನ್ನೇ ಅಲುಗಿಸುತ್ತವೆ. ಭಾರತದ 2009ರ ಕಾಯ್ದೆ ಈ ವಿಷಯದಲ್ಲಿ ಬುದ್ಧಿವಂತಿಕೆಯ ಮಾತನ್ನು ಬಳಸಿದೆ. ಶುಲ್ಕಗಳ ಪಟ್ಟಿ ಕೊಟ್ಟು ಅವನ್ನು ನಿಷೇಧಿಸುವ ಬದಲು, ಪ್ರಾಥಮಿಕ ಶಿಕ್ಷಣವನ್ನು ಮುಂದುವರಿಸಿ ಪೂರ್ಣಗೊಳಿಸಲು ಮಗುವಿಗೆ ತಡೆಯಾಗಬಹುದಾದ ಯಾವುದೇ ಬಗೆಯ ಶುಲ್ಕ ಅಥವಾ ಖರ್ಚನ್ನು ಕೊಡುವ ಹೊಣೆ ಮಗುವಿನದಲ್ಲ ಎಂದಿದೆ. ಪಟ್ಟಿ ಮಾಡಿದ್ದರೆ ಪಟ್ಟಿಯಲ್ಲಿರದ ಹೊಸ ಹೆಸರೊಂದನ್ನು ಯಾರಾದರೂ ಹುಡುಕಿಬಿಡುತ್ತಿದ್ದರು.

ಇನ್ನೊಂದು ಖರ್ಚು ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಮಗು ಶಾಲೆಯಲ್ಲಿ ಕಳೆಯುವ ಹೊತ್ತಿನಲ್ಲಿ ಅದು ದುಡಿಯಬಹುದಾಗಿದ್ದ ಕೂಲಿ, ನೋಡಿಕೊಳ್ಳಬಹುದಾಗಿದ್ದ ತಮ್ಮ ತಂಗಿಯರು, ಹೊತ್ತು ತರಬಹುದಾಗಿದ್ದ ನೀರು ಮನೆಗೆ ತಪ್ಪುತ್ತವೆ. ಮೆಕ್ಸಿಕೋ 1997ರಲ್ಲಿ ಆರಂಭಿಸಿದ ಪ್ರೊಗ್ರೆಸಾ ಯೋಜನೆ ಈ ಲೆಕ್ಕವನ್ನು ನೇರವಾಗಿ ಒಪ್ಪಿಕೊಂಡಿತು. ಮಕ್ಕಳು ನಿಯಮಿತವಾಗಿ ಶಾಲೆಗೆ ಹಾಜರಾಗುವ ಬಡ ಕುಟುಂಬಗಳಿಗೆ ನಗದು ಕೊಡುವ ಈ ಯೋಜನೆಯಲ್ಲಿ ತರಗತಿ ಮೇಲೇರಿದಂತೆ ಮೊತ್ತವೂ ಏರುತ್ತಿತ್ತು, ಪ್ರೌಢಶಾಲೆಯ ಹಂತದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಸಿಗುತ್ತಿತ್ತು. ವಯಸ್ಸು ಹೆಚ್ಚಿದಂತೆ ಮಗುವಿನ ದುಡಿಮೆಯ ಬೆಲೆಯೂ ಹೆಚ್ಚುತ್ತದೆ, ಶಾಲೆ ಬಿಡಿಸುವ ಒತ್ತಡ ಮೊದಲು ಬೀಳುವುದು ಹುಡುಗಿಯ ಮೇಲೆ ಎಂಬ ಎರಡು ಸಂಗತಿಗಳನ್ನು ಆ ಮೊತ್ತಗಳ ಏರಿಳಿತದಲ್ಲೇ ಓದಬಹುದು.

ಬಾಗಿಲು ತೆರೆದ ಮೇಲೆ ಏನಾಯಿತು ಎಂಬುದನ್ನೂ ಹೇಳಬೇಕು. ಮಲಾವಿಯಲ್ಲಿ ಅಷ್ಟು ಮಕ್ಕಳಿಗೆ ಕೊಠಡಿಗಳೂ ಇರಲಿಲ್ಲ, ಶಿಕ್ಷಕರೂ ಇರಲಿಲ್ಲ. ತರಬೇತಿಯಿಲ್ಲದ ಸಾವಿರಾರು ಮಂದಿಯನ್ನು ತುರ್ತಾಗಿ ನೇಮಿಸಿಕೊಳ್ಳಬೇಕಾಯಿತು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 10 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸರಳವಾದ ಒಂದು ಕಥೆಯನ್ನು ಓದಿ ಅರ್ಥ ಮಾಡಿಕೊಳ್ಳಲಾರರು ಎಂದು ವಿಶ್ವಬ್ಯಾಂಕ್ 2019ರಲ್ಲಿ ಅಂದಾಜು ಮಾಡಿತು. ಅವರಲ್ಲಿ ಬಹಳಷ್ಟು ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದೆ. ಹೆಸರು ಬರೆದುಕೊಂಡದ್ದನ್ನೇ ಶಿಕ್ಷಣವೆಂದು ಎಣಿಸುವ ಲೆಕ್ಕ ಎಲ್ಲಿ ತಪ್ಪುತ್ತದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ನಾಲ್ಕು ಪ್ರಶ್ನೆಗಳ ಒರೆಗಲ್ಲು

ಏನು ಕೊಟ್ಟರೆ ಬಾಕಿ ತೀರುತ್ತದೆ ಎಂಬುದಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವ ಅಳತೆಯನ್ನು ರೂಪಿಸಿದವರು ಕತರೀನಾ ತೊಮಾಶೆವ್‌ಸ್ಕಿ. 1998ರಲ್ಲಿ ವಿಶ್ವಸಂಸ್ಥೆ ಶಿಕ್ಷಣದ ಹಕ್ಕಿನ ಕುರಿತು ನೇಮಿಸಿದ ಮೊದಲ ವಿಶೇಷ ವರದಿಗಾರ್ತಿ ಅವರು. ಶಿಕ್ಷಣ ಲಭ್ಯವಿದೆಯೇ, ಎಟುಕುತ್ತದೆಯೇ, ಸ್ವೀಕಾರಾರ್ಹವಾಗಿದೆಯೇ, ಮಗುವಿಗೆ ತಕ್ಕಂತೆ ಒಗ್ಗಿಕೊಳ್ಳುತ್ತದೆಯೇ ಎಂಬ ಈ ನಾಲ್ಕು ಪ್ರಶ್ನೆಗಳನ್ನು 1999ರ ಕೊನೆಯಲ್ಲಿ ಸಮಿತಿಯೂ ತನ್ನ 13ನೇ ಸಾಮಾನ್ಯ ವ್ಯಾಖ್ಯಾನದಲ್ಲಿ ಒಪ್ಪಿಕೊಂಡಿತು. ಲಭ್ಯತೆ ಎಂದರೆ ಕಟ್ಟಡ, ಶಿಕ್ಷಕರು, ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ. ಎಟುಕುವುದು ಎಂದರೆ ತಾರತಮ್ಯವಿಲ್ಲದೆ, ನಡೆದು ಹೋಗಬಲ್ಲ ದೂರದಲ್ಲಿ, ಭರಿಸಬಲ್ಲ ಖರ್ಚಿನಲ್ಲಿ ಸಿಗುವುದು. ಸ್ವೀಕಾರಾರ್ಹತೆ ಪಾಠದ ಗುಣಮಟ್ಟ, ಶಿಸ್ತಿನ ರೀತಿ, ಕಲಿಸುವ ಭಾಷೆ ಇವುಗಳಿಗೆ ಸಂಬಂಧಿಸಿದ್ದು. ಹೊಡೆದು ಬಡಿದು ಕಲಿಸುವ ಶಾಲೆ ಈ ಅಳತೆಯಲ್ಲಿ ನಪಾಸಾಗುತ್ತದೆ.

ನಾಲ್ಕನೆಯದು ಉಳಿದ ಮೂರಕ್ಕಿಂತ ಬೇರೆ ಜಾತಿಯದು, ನನ್ನ ದೃಷ್ಟಿಯಲ್ಲಿ ಅತ್ಯಂತ ಕಷ್ಟದ್ದೂ ಅದೇ. ಮೊದಲ ಮೂರು ಪ್ರಶ್ನೆಗಳಿಗೆ ಹಣ ಮತ್ತು ನಿಯಮಗಳಿಂದ ಬಹುಮಟ್ಟಿಗೆ ಉತ್ತರ ಕೊಡಬಹುದು. ನಾಲ್ಕನೆಯದು ಬದಲಾಗಬೇಕಾದವರು ಯಾರು ಎಂದು ಕೇಳುತ್ತದೆ, ಮಗು ಶಾಲೆಗೆ ಹೊಂದಿಕೊಳ್ಳಬೇಕೆಂಬ ನೂರಾರು ವರ್ಷಗಳ ಅಭ್ಯಾಸವನ್ನು ತಿರುಗಿಸಿ ಶಾಲೆಯೇ ಮಗುವಿಗೆ ಹೊಂದಿಕೊಳ್ಳಲಿ ಎನ್ನುತ್ತದೆ.

ಒಂದು ಮೆಟ್ಟಿಲು, ಒಂದು ವಾಕ್ಯ

ಶಾಲೆಯ ಬಾಗಿಲಲ್ಲಿ 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿದೆ ಎಂದುಕೊಳ್ಳೋಣ. ನಡೆಯುವವರ ಕಾಲಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುವ ಮಗುವಿಗೆ ಅದು ಗೋಡೆ. ಸುರಕ್ಷಿತ ಇಳಿಜಾರಿಗೆ ಅನೇಕ ದೇಶಗಳು ಇಟ್ಟುಕೊಂಡಿರುವ ಪ್ರಮಾಣ ಒಂದಕ್ಕೆ ಹನ್ನೆರಡು, ಅಂದರೆ ಒಂದು ಅಳತೆ ಎತ್ತರಕ್ಕೆ ಹನ್ನೆರಡು ಅಳತೆ ಉದ್ದ. ಆ ಲೆಕ್ಕದಲ್ಲಿ ಈ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು ಬೇಕು, ಮೂರು ಮೆಟ್ಟಿಲಿಗೆ 5.4 ಮೀಟರ್. ಜಾಗ ಸಾಲದೆಂದು ಮೂರು ಮೆಟ್ಟಿಲಿನ ಮೇಲೆ ಎರಡು ಮೀಟರ್ ಸಿಮೆಂಟ್ ಸುರಿದರೆ, ಕಾಗದದ ಮೇಲೆ ‘ಇಳಿಜಾರು ಇದೆ’ ಎಂದು ಗುರುತು ಹಾಕಬಹುದು, ಆದರೆ ಅದನ್ನು ಮಗು ತಾನಾಗಿ ಏರಲಾರದು. ಇಳಿಯುವಾಗ ಕುರ್ಚಿ ಹಿಡಿತ ತಪ್ಪಿ ಓಡುತ್ತದೆ. ಸರಿಯಾದ ಇಳಿಜಾರನ್ನು ಕಟ್ಟಿ ಪ್ರಯೋಗಾಲಯವನ್ನು ಮೇಲಿನ ಮಹಡಿಯಲ್ಲೇ ಉಳಿಸಿದರೆ ಆಗುವುದೂ ಇದೇ. ಅಡೆತಡೆಗಳು ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ, ಹತ್ತರಲ್ಲಿ ಒಂಬತ್ತನ್ನು ತೆಗೆದರೂ ಮಗು ಹತ್ತನೆಯದರ ಮುಂದೆ ನಿಲ್ಲುತ್ತದೆ. ಶೇಕಡ 90ರಷ್ಟು ಕೆಲಸ ಮುಗಿದಿದೆ ಎಂಬ ವರದಿಗೂ ಆ ಮಗುವಿಗೂ ಸಂಬಂಧವಿಲ್ಲ.

ಎಲ್ಲ ತಡೆಗಳಿಗೂ ಸಿಮೆಂಟ್ ಬೇಕಿಲ್ಲ. ಗಣಿತದ ತರಗತಿಯಲ್ಲಿ ಕರಿಹಲಗೆಯ ಮೇಲೆ ಎಕ್ಸ್ ಕೂಡಿಸು 5 ಸಮ 12 ಎಂದು ಬರೆದ ಶಿಕ್ಷಕರು, “ಇದನ್ನು ಈ ಕಡೆ ತಂದರೆ ಇದು ಹೋಗುತ್ತದೆ, ಇಲ್ಲಿ ಇಷ್ಟು ಉಳಿಯುತ್ತದೆ” ಎನ್ನುತ್ತಾರೆ. ಕಣ್ಣು ಕಾಣುವವರಿಗೆ ಅದರಲ್ಲಿ ಎಲ್ಲವೂ ಇದೆ. ಕಣ್ಣು ಕಾಣದ ವಿದ್ಯಾರ್ಥಿನಿಗೆ ಆ ವಾಕ್ಯದಲ್ಲಿ ಒಂದು ಅಂಕಿಯೂ ಇಲ್ಲ. ಅದೇ ಶಿಕ್ಷಕರು “ಎಕ್ಸ್ ಕೂಡಿಸು ಐದು ಸಮ ಹನ್ನೆರಡು, ಎರಡೂ ಬದಿಯಿಂದ ಐದನ್ನು ಕಳೆಯೋಣ, ಎಡಗಡೆ ಎಕ್ಸ್ ಉಳಿಯುತ್ತದೆ, ಬಲಗಡೆ ಏಳು” ಎಂದರೆ ತಡೆ ಕರಗಿಹೋಗುತ್ತದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಹಿಂದಿನ ಬೆಂಚಿನಲ್ಲಿ ಮನಸ್ಸು ಎಲ್ಲೋ ಹೋಗಿದ್ದ ಹುಡುಗನಿಗೂ ಪಾಠ ತಿರುಗಿ ಸಿಗುತ್ತದೆ. ಪುಸ್ತಕದ ವಿಷಯ ಮಾತ್ರ ಇಷ್ಟು ಸುಲಭವಲ್ಲ. ಬ್ರೈಲ್‌ಗೆ ಇಳಿಸಿದಾಗ ಒಂದು ಪಠ್ಯಪುಸ್ತಕ ಹಲವು ದಪ್ಪ ಸಂಪುಟಗಳಾಗುತ್ತದೆ. ಹಾಗೆ ಇಳಿಸಲು ಹಕ್ಕುಸ್ವಾಮ್ಯದ ಅನುಮತಿ ಬೇಕಾಗಿದ್ದುದು ಇನ್ನೊಂದು ತೊಡಕಾಗಿತ್ತು. ದೃಷ್ಟಿದೋಷವಿರುವವರು ಓದಬಲ್ಲ ರೂಪಕ್ಕೆ ಪುಸ್ತಕಗಳನ್ನು ತರಲು ಮತ್ತು ಅವನ್ನು ದೇಶದಿಂದ ದೇಶಕ್ಕೆ ಕಳುಹಿಸಲು ವಿನಾಯಿತಿ ಕೊಟ್ಟ 2013ರ ಮರ‍್ರಕೇಶ್ ಒಪ್ಪಂದ 2016ರಲ್ಲಿ ಜಾರಿಗೆ ಬಂತು; ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ.

ಕಿವಿ ಕೇಳದ ಮಕ್ಕಳ ಕಥೆ ಇನ್ನೂ ಕಠೋರವಾದದ್ದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ, ಸಂಜ್ಞೆಗಳಿಗಿಂತ ಮಾತೇ ಶ್ರೇಷ್ಠವೆಂದು ಠರಾವು ಮಾಡಿತು. ಅಲ್ಲಿ ಮತ ಹಾಕಿದ ಪ್ರತಿನಿಧಿಗಳಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರು. ಅದರ ಬೆನ್ನಿಗೆ ಅನೇಕ ದೇಶಗಳ ಶಾಲೆಗಳಿಂದ ಸಂಜ್ಞಾ ಭಾಷೆಯೂ ಅದರಲ್ಲಿ ಪಾಠ ಹೇಳುತ್ತಿದ್ದ ಕಿವುಡ ಶಿಕ್ಷಕರೂ ಹೊರಬಿದ್ದರು. ಕೇಳಿಸದ ಧ್ವನಿಯನ್ನು ತುಟಿಯ ಚಲನೆಯಿಂದ ಊಹಿಸುವುದರಲ್ಲೇ ಮಕ್ಕಳ ಶಾಲಾ ವರ್ಷಗಳು ಕಳೆದವು. ಆ ಠರಾವನ್ನು ಅದೇ ಸಮ್ಮೇಳನದ ಉತ್ತರಾಧಿಕಾರಿ ಸಭೆ ವಿಷಾದದೊಂದಿಗೆ ತಿರಸ್ಕರಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ ಹೋದದ್ದು 130 ವರ್ಷ.

ಭಾಷೆಯ ತಡೆ ಕಿವಿ ಕೇಳುವ ಮಕ್ಕಳಿಗೂ ಇದೆ. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಶೇಕಡ 40ರಷ್ಟು ಮಂದಿಗೆ ತಾವು ಆಡುವ ಅಥವಾ ಅರಿಯುವ ಭಾಷೆಯಲ್ಲಿ ಶಿಕ್ಷಣ ಸಿಗುತ್ತಿಲ್ಲ ಎಂದು ಯುನೆಸ್ಕೊ 2016ರಲ್ಲಿ ಹೇಳಿತು. ಇದಕ್ಕೆ ಸಂಬಂಧಿಸಿದ ಅತ್ಯಂತ ಸ್ಪಷ್ಟ ತೀರ್ಪು 1974ರ ಲಾವ್ ಪ್ರಕರಣದ್ದು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳು ಯಾವ ಭಾಷಾ ನೆರವೂ ಇಲ್ಲದೆ ಇತರರೊಂದಿಗೆ ಕುಳಿತಿದ್ದರು. ಅದೇ ಕೊಠಡಿ, ಅದೇ ಪುಸ್ತಕ, ಅದೇ ಶಿಕ್ಷಕರು, ಅದೇ ಪಾಠ. ಇದಕ್ಕಿಂತ ಸಮಾನತೆ ಇನ್ನೇನಿದೆ ಎಂಬುದು ಎದುರು ಪಕ್ಷದ ವಾದ. ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು: ಇಂಗ್ಲಿಷ್ ಅರ್ಥವಾಗದ ಮಗುವಿನ ಮುಂದೆ ಅದೇ ಪುಸ್ತಕವನ್ನು ಇಟ್ಟಮಾತ್ರಕ್ಕೆ ಸಮಾನತೆ ಬರುವುದಿಲ್ಲ, ಅರ್ಥಪೂರ್ಣ ಶಿಕ್ಷಣದಿಂದ ಆ ಮಗು ಹೊರಗೇ ಉಳಿದಿರುತ್ತದೆ.

ಈ ಎಲ್ಲ ಉದಾಹರಣೆಗಳನ್ನು ಒಂದೇ ಚೌಕಟ್ಟಿನಲ್ಲಿ ನೋಡಲು 2006ರ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಮತ್ತು ಅದರ ಮೇಲಿನ 2016ರ ವ್ಯಾಖ್ಯಾನ ನೆರವಾಗುತ್ತವೆ. ಆ ವ್ಯಾಖ್ಯಾನ ನಾಲ್ಕು ಸ್ಥಿತಿಗಳನ್ನು ಬೇರ್ಪಡಿಸುತ್ತದೆ. ಮಗುವನ್ನು ಶಾಲೆಗೇ ಸೇರಿಸಿಕೊಳ್ಳದಿರುವುದು ಹೊರಗಿಡುವಿಕೆ. ಅದಕ್ಕೆಂದೇ ಪ್ರತ್ಯೇಕ ಶಾಲೆಯಲ್ಲಿ ಇರಿಸುವುದು ಬೇರ್ಪಡಿಸುವಿಕೆ. ಸಾಮಾನ್ಯ ಶಾಲೆಗೆ ಸೇರಿಸಿ, ಇಲ್ಲಿನ ರೀತಿಗೆ ಒಗ್ಗಿಕೊಳ್ಳಬಲ್ಲೆಯಾದರೆ ಇರು ಎನ್ನುವುದು ಬರಿಯ ಸೇರ್ಪಡೆ. ಪಾಠದ ಕ್ರಮ, ಪುಸ್ತಕ, ಪರೀಕ್ಷೆ, ಕಟ್ಟಡ ಎಲ್ಲವನ್ನೂ ಆ ಮಗುವೂ ಕಲಿಯುವಂತೆ ಮಾರ್ಪಡಿಸುವುದು ಒಳಗೊಳ್ಳುವಿಕೆ. ಮೂರನೆಯದನ್ನು ಮಾಡಿ ನಾಲ್ಕನೆಯದನ್ನು ಮಾಡಿದಂತೆ ಹೇಳಿಕೊಳ್ಳುವುದು ಬಲು ಸಾಮಾನ್ಯ. ಕರಿಹಲಗೆಯ ಮುಂದೆ ಕುಳಿತ ಆ ವಿದ್ಯಾರ್ಥಿನಿಗೆ ಎರಡರ ವ್ಯತ್ಯಾಸ ಮೊದಲ ಪಾಠದಲ್ಲೇ ತಿಳಿದಿರುತ್ತದೆ.

ಕಾಗದದ ಗೋಡೆ

ದಾಖಲಾತಿಯ ಅರ್ಜಿ ನೋಡಲು ನಿರಪಾಯಕಾರಿ. ಹುಟ್ಟಿದ ದಿನಾಂಕಕ್ಕೆ ಪ್ರಮಾಣಪತ್ರ, ವಾಸಸ್ಥಳಕ್ಕೆ ಪುರಾವೆ, ಹಿಂದಿನ ಶಾಲೆಯ ವರ್ಗಾವಣೆ ಪತ್ರ, ಪೋಷಕರ ಸಹಿ ಇಷ್ಟನ್ನು ಅದು ಕೇಳುತ್ತದೆ. ಅರ್ಜಿಯ ಪ್ರತಿಯೊಂದು ಖಾನೆಯ ಹಿಂದೆಯೂ ಒಂದು ಊಹೆಯಿದೆ: ಮಗುವಿನ ಹುಟ್ಟು ನೋಂದಣಿಯಾಗಿದೆ, ಕುಟುಂಬ ಒಂದೇ ಕಡೆ ನೆಲೆಸಿದೆ, ಹಿಂದಿನ ಶಾಲೆ ಇನ್ನೂ ಇದೆ, ಪೋಷಕರು ಬದುಕಿದ್ದಾರೆ. ಯುದ್ಧದಿಂದ ಓಡಿಬಂದ, ಕೆಲಸ ಹುಡುಕುತ್ತ ಊರೂರು ಅಲೆಯುವ, ಮನೆಯಲ್ಲೇ ಹುಟ್ಟಿದ ಮಗುವಿಗೆ ಇವುಗಳಲ್ಲಿ ಒಂದಲ್ಲ ಒಂದು ಸುಳ್ಳಾಗಿರುತ್ತದೆ. ಯಾರೂ ಆ ಮಗುವನ್ನು ಬೇಡವೆನ್ನುವುದಿಲ್ಲ, ‘ಕಾಗದ ತಂದ ಮೇಲೆ ಬನ್ನಿ’ ಎನ್ನುತ್ತಾರೆ. ಭಾರತದ 2009ರ ಕಾಯ್ದೆ ಈ ಗೋಡೆಯನ್ನು ಹೆಸರಿಟ್ಟು ಕೆಡವಿದೆ: ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ಮುಂದೂಡುವಂತಿಲ್ಲ. 1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿಯೂ ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತರನ್ನು ತನ್ನ ಪ್ರಜೆಗಳಂತೆಯೇ ಕಾಣಬೇಕೆಂದು ದೇಶಗಳಿಗೆ ವಿಧಿಸುತ್ತದೆ.

ಕಾಗದವಿಲ್ಲದ್ದು ತಂದೆತಾಯಿಗಳ ತಪ್ಪೇ ಆಗಿದ್ದರೆ? ಈ ಪ್ರಶ್ನೆ 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂತು. ಅನುಮತಿಯಿಲ್ಲದೆ ದೇಶದೊಳಗೆ ಬಂದ ಮಕ್ಕಳ ಶಿಕ್ಷಣಕ್ಕೆ ಹಣ ಕೊಡುವುದಿಲ್ಲವೆಂದು ಟೆಕ್ಸಾಸ್ ರಾಜ್ಯ 1975ರಲ್ಲಿ ಕಾನೂನು ಮಾಡಿತ್ತು. ಟೈಲರ್ ಪಟ್ಟಣದ ಶಾಲಾ ಆಡಳಿತ ಅಂಥ ಪ್ರತಿ ಮಗುವಿಗೂ ವರ್ಷಕ್ಕೆ 1,000 ಡಾಲರ್ ಶುಲ್ಕ ಹೇರಿತ್ತು. ದೊಡ್ಡವರ ನಡತೆಗಾಗಿ, ಅದರ ಮೇಲೆ ಯಾವ ಹಿಡಿತವೂ ಇಲ್ಲದ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲ ಎಂದು ಹೇಳಿ, ನಾಲ್ವರ ವಿರುದ್ಧ ಐವರ ಬಹುಮತದಿಂದ ನ್ಯಾಯಾಲಯ ಆ ಕಾನೂನನ್ನು ರದ್ದುಗೊಳಿಸಿತು.

ಹುಡುಗಿಯರ ವಿಷಯದಲ್ಲಿ ತಡೆ ಒಮ್ಮೊಮ್ಮೆ ಬಹಿರಂಗ ನಿಷೇಧವಾಗಿಯೇ ಇರುತ್ತದೆ. ಅಫ್ಘಾನಿಸ್ತಾನದಲ್ಲಿ 2021ರಿಂದ ಪ್ರೌಢಶಾಲೆಗಳ, 2022ರ ಡಿಸೆಂಬರ್‌ನಿಂದ ವಿಶ್ವವಿದ್ಯಾಲಯಗಳ ಬಾಗಿಲು ಅವರಿಗೆ ಮುಚ್ಚಿದೆ. ಅದನ್ನು ವಿವರಿಸಲು ಯಾವ ಸಿದ್ಧಾಂತವೂ ಬೇಕಿಲ್ಲ. ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹಾವಳಿಯ ನಂತರ 2015ರಲ್ಲಿ ಶಾಲೆಗಳು ಮರಳಿ ತೆರೆದಾಗ, ಗರ್ಭಿಣಿಯಾದ ವಿದ್ಯಾರ್ಥಿನಿಯರು ತರಗತಿಗೆ ಬರಬಾರದೆಂದು ಸರ್ಕಾರ ಆದೇಶಿಸಿತು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಅದನ್ನು ತಾರತಮ್ಯವೆಂದು ತೀರ್ಪಿತ್ತು, 2020ರ ಮಾರ್ಚ್ ಕೊನೆಯಲ್ಲಿ ಸರ್ಕಾರ ನಿಷೇಧವನ್ನು ಹಿಂತೆಗೆದುಕೊಂಡಿತು. ಆ ಹೊತ್ತಿಗೆ ಕೋವಿಡ್‌ನಿಂದಾಗಿ ಶಾಲೆಗಳೇ ಮುಚ್ಚುತ್ತಿದ್ದವು. ನಿಷೇಧವೇ ಇಲ್ಲದ ಕಡೆಗಳಲ್ಲೂ ತಿಂಗಳಿಗೆ ನಾಲ್ಕೈದು ದಿನ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿ ಬೀಳುವುದುಂಟು. ಶೌಚಾಲಯವಿದೆ, ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ, ಚಿಲಕವಿದ್ದರೆ ನೀರಿಲ್ಲ.

ಕೊನೆಯ ಮಗುವಿನ ಲೆಕ್ಕ

ಜಗತ್ತಿನಲ್ಲಿ ಇಂದು 25 ಕೋಟಿಗೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರು ಶಾಲೆಯ ಹೊರಗಿದ್ದಾರೆ ಎಂಬುದು ಯುನೆಸ್ಕೊ ಅಂದಾಜು. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಒಂದು ಮಗುವಿನ ಹಕ್ಕು ಎಂಬ ಮಾತು ಕ್ಷುಲ್ಲಕವೆನಿಸಬಹುದು. ಆದರೆ ಹಕ್ಕು ಸರಾಸರಿಗೆ ಸೇರಿದ್ದಲ್ಲ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ 2012ರ ಶಾಲಾ ವರ್ಷ ಆರಂಭವಾಗಿ ತಿಂಗಳುಗಳಾದರೂ ಹಲವು ತರಗತಿಗಳಿಗೆ ಪಠ್ಯಪುಸ್ತಕ ತಲುಪಿರಲಿಲ್ಲ. ನ್ಯಾಯಾಲಯ ಪೂರೈಸಲು ಆದೇಶಿಸಿದ ಮೇಲೂ ಕೊರತೆ ಮುಂದಿನ ವರ್ಷಗಳಿಗೆ ಹರಿಯಿತು. ಬಹುಪಾಲು ಪುಸ್ತಕಗಳನ್ನು ತಲುಪಿಸಿದ್ದೇವೆ, ನಮ್ಮಿಂದ ಪರಿಪೂರ್ಣತೆಯನ್ನು ನಿರೀಕ್ಷಿಸಬಾರದು ಎಂಬುದು ಸರ್ಕಾರದ ವಾದವಾಗಿತ್ತು. 2015ರ ಡಿಸೆಂಬರ್‌ನಲ್ಲಿ ಅಲ್ಲಿನ ಉನ್ನತ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಗೂ, ಆ ತರಗತಿಗೆ ಗೊತ್ತುಪಡಿಸಿದ ಪ್ರತಿಯೊಂದು ಪುಸ್ತಕವೂ, ಆ ವಿಷಯದ ಪಾಠ ಶುರುವಾಗುವ ಮುನ್ನವೇ ಸಿಗಬೇಕು ಎಂದು ಹೇಳಿತು. ಬೇರೆಯವರ ಬಳಿ ಪುಸ್ತಕವಿದೆ ಎಂಬುದು, ಪುಸ್ತಕವಿಲ್ಲದ ಮಗುವಿಗೆ ಉತ್ತರವಾಗುವುದಿಲ್ಲ.

ಇದಕ್ಕೂ ಮುನ್ನ ಯೂರೋಪಿನಲ್ಲಿ ನಡೆದ ಇನ್ನೊಂದು ಪ್ರಕರಣವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಜೆಕ್ ಗಣರಾಜ್ಯದ ಓಸ್ಟ್ರಾವಾ ನಗರದಲ್ಲಿ ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು, ಬೌದ್ಧಿಕ ಬೆಳವಣಿಗೆ ಕುಂಠಿತವಾದವರಿಗೆಂದು ಮಾಡಿದ್ದ ವಿಶೇಷ ಶಾಲೆಗಳಲ್ಲಿದ್ದರು. ಇತರ ಮಕ್ಕಳಲ್ಲಿ ಹಾಗಿದ್ದವರು ಶೇಕಡ 2ಕ್ಕಿಂತಲೂ ಕಡಿಮೆ. ಯಾವ ನಿಯಮದಲ್ಲೂ ರೋಮಾ ಎಂಬ ಪದವಿರಲಿಲ್ಲ. ಎಲ್ಲರಿಗೂ ಒಂದೇ ಬುದ್ಧಿಮತ್ತೆ ಪರೀಕ್ಷೆ. ಆ ಪರೀಕ್ಷೆಯ ಭಾಷೆ, ಚಿತ್ರ, ನಿರೀಕ್ಷೆಗಳೆಲ್ಲ ಬಹುಸಂಖ್ಯಾತರ ಮನೆಯಿಂದ ಬಂದವು. ಹದಿನೆಂಟು ಮಂದಿ ವಿದ್ಯಾರ್ಥಿಗಳು ದೂರು ಕೊಂಡೊಯ್ದಾಗ, ಅವರ ತಂದೆತಾಯಿಗಳೇ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದ್ದಾರೆ ಎಂದು ಸರ್ಕಾರ ತೋರಿಸಿತು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ 2007ರ ನವೆಂಬರ್ 13ರಂದು ಎರಡನ್ನೂ ಬದಿಗೆ ಸರಿಸಿತು. ಉದ್ದೇಶ ಏನೇ ಇರಲಿ, ಪರಿಣಾಮ ಒಂದು ಸಮುದಾಯದ ಮೇಲೆ ಇಷ್ಟು ಭಾರವಾಗಿ ಬಿದ್ದರೆ ಅದು ಪರೋಕ್ಷ ತಾರತಮ್ಯ. ತಾರತಮ್ಯಕ್ಕೆ ಒಳಗಾಗದಿರುವ ಹಕ್ಕನ್ನು ತಂದೆತಾಯಿಗಳ ಸಹಿಯಿಂದ ಬಿಟ್ಟುಕೊಡಲಾಗದು. ಆ ವೇಳೆಗೆ ಹೊಸ ಕಾನೂನಿನಡಿ ವಿಶೇಷ ಶಾಲೆಗಳ ಹೆಸರೂ ಬದಲಾಗಿತ್ತು. ದೂರುದಾರರಿಗೆ ತಲಾ 4,000 ಯೂರೊ ಪರಿಹಾರ ದೊರೆಯಿತು. ಅವರೆಲ್ಲ 1985 ಮತ್ತು 1991ರ ನಡುವೆ ಹುಟ್ಟಿದವರು, ನ್ಯಾಯಾಲಯಕ್ಕೆ ಅರ್ಜಿ ಹೋದದ್ದು 2000ದಲ್ಲಿ. ತೀರ್ಪು ಓದಿದ ದಿನ ಅವರಲ್ಲಿ ಯಾರಿಗೂ ಪ್ರಾಥಮಿಕ ಶಾಲೆಗೆ ಹೋಗುವ ವಯಸ್ಸು ಉಳಿದಿರಲಿಲ್ಲ.